ಕಟ್ಟೆ ನೀರು, ಕೆ ಆರ್ ಪೇಟೆ ಮಳೆ, ಒಂದು ಪೈಥಾನ್ ಸ್ಕ್ರಿಪ್ಟ್

ಮಂಡ್ಯದಲ್ಲಿ ಮುಂಗಾರು ಶುರುವಾದರೆ ಟೀ ಅಂಗಡಿಯಲ್ಲಿ ಒಂದೇ ಪ್ರಶ್ನೆ: ಕಟ್ಟೆಗೆ ನೀರು ಎಷ್ಟು ಬಂತು? ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್. ತುಂಬಿದರೆ 124.80 ಅಡಿ. ನಮ್ಮ ದೊಡ್ಡಪ್ಪನೂ ದಿನಾ ಕೇಳುತ್ತಾರೆ, ಹೋದ ವಾರದ್ದೂ ಬೇಕು ಅನ್ನುತ್ತಾರೆ. ಅದಕ್ಕೇ ಈ ಪುಟ್ಟ ಪೈಥಾನ್ ಸ್ಕ್ರಿಪ್ಟ್, ಅಂದರೆ ಪೈಥಾನ್ ಭಾಷೆಯಲ್ಲಿ ಬರೆದ ಚಿಕ್ಕ ಪ್ರೋಗ್ರಾಂ. ಟರ್ಮಿನಲ್‌ನಲ್ಲಿ ಸ್ಕ್ರಿಪ್ಟಿನ ಹೆಸರು, ಪಕ್ಕದಲ್ಲಿ ನೀರಿನ ಮಟ್ಟ, ಆಮೇಲೆ ಮಳೆ ಬಿದ್ದ ಊರು. ಎಂಟರ್ ಒತ್ತಿದರೆ ಫೈಲಿಗೆ ಒಂದು ಸಾಲು ಸೇರುತ್ತದೆ.

ಹೀಗೆ ಕೊಟ್ಟದ್ದೆಲ್ಲ ಸಿಸ್ ಡಾಟ್ ಆರ್ಗ್‌ವಿ ಅನ್ನೋ ಲಿಸ್ಟಿನಲ್ಲಿ ಬಂದು ಕೂರುತ್ತದೆ. ಸೊನ್ನೆಯ ಜಾಗ ಸ್ಕ್ರಿಪ್ಟಿನ ಹೆಸರಿಗೆ, ನಮ್ಮದು ಒಂದರಿಂದ ಶುರು.

ಈಗ ಸ್ಕ್ರೀನ್ ನೋಡಿ. 99, 124.80 ಎರಡನ್ನೂ ಆರ್ಗ್ಯುಮೆಂಟ್ ಆಗಿ, ಅಂದರೆ ಸ್ಕ್ರಿಪ್ಟಿನ ಹೆಸರಿನ ಪಕ್ಕದಲ್ಲಿ ಕೊಟ್ಟು, ಯಾವುದು ದೊಡ್ಡದು ಅಂತ ಕೇಳಿದ್ದೇನೆ. 99 ಅಂತಿದೆ! ಪೈಥಾನ್‌ಗೆ ಹುಚ್ಚು ಹಿಡಿದಿಲ್ಲ. ಆರ್ಗ್‌ವಿಯಲ್ಲಿ ಇರೋದೆಲ್ಲ ಸ್ಟ್ರಿಂಗ್, ಬರೀ ಅಕ್ಷರ. ಮೊದಲ ಅಕ್ಷರ ಒಂಬತ್ತು, ಇನ್ನೊಂದರದ್ದು ಒಂದು. ಒಂಬತ್ತೇ ಗೆದ್ದಿತು. ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆ ಮಾಡಿ ಹೋಲಿಸಿದರೆ ಸರಿಹೋಗುತ್ತದೆ.

ಊರಿನ ಹೆಸರು ಇನ್ನೂ ಮಜಾ. ಮದ್ದೂರು ಅಂತ ಹೊಡೆದರೆ ತೊಂದರೆ ಇಲ್ಲ. ಕೆ ಆರ್ ಪೇಟೆ ಅಂತ ಹೊಡೆಯಿರಿ, ಲಿಸ್ಟಿನಲ್ಲಿ ಮೂರು ತುಂಡು! ಕತ್ತರಿಸಿದ್ದು ಪೈಥಾನ್ ಅಲ್ಲ, ಶೆಲ್, ಅಂದರೆ ಟರ್ಮಿನಲ್‌ನಲ್ಲಿ ನಾವು ಹೊಡೆದದ್ದನ್ನು ಓದುವ ಪ್ರೋಗ್ರಾಂ. ಸ್ಪೇಸ್ ಕಂಡಲ್ಲಿ ಬೇರೆ ಮಾಡಿ, ಆಮೇಲೆ ಸ್ಕ್ರಿಪ್ಟಿನ ಕೈಗೆ ಕೊಡುತ್ತದೆ. ಕೋಟ್ಸ್ ಒಳಗೆ ಬರೆದರೆ ಊರು ಇಡಿಯಾಗಿ ಬರುತ್ತದೆ.

ಇಷ್ಟನ್ನೆಲ್ಲ ನಾವೇ ಚೆಕ್ ಮಾಡುತ್ತಾ ಕೂರೋದು ಯಾಕೆ? 2010ರಲ್ಲಿ ಬಂದ ಪೈಥಾನ್ 2.7ರಿಂದಲೇ ಆರ್ಗ್ಯುಮೆಂಟ್‌ಗಳನ್ನು ಓದಿ ಚೆಕ್ ಮಾಡುವ ಆರ್ಗ್‌ಪಾರ್ಸ್ ಅನ್ನೋ ಮಾಡ್ಯೂಲ್ ಜೊತೆಯಲ್ಲೇ ಸಿಗುತ್ತದೆ, ಬೇರೆ ಇನ್‌ಸ್ಟಾಲ್ ಬೇಡ. ಮಟ್ಟಕ್ಕೆ ಟೈಪ್ ಫ್ಲೋಟ್ ಅಂತ ಹೇಳಿಟ್ಟರೆ ಸಾಕು. ಯಾರಾದರೂ ನೂರು ಅಂತ ಅಕ್ಷರದಲ್ಲಿ ಬರೆದರೆ, ಹೇಗೆ ಬಳಸಬೇಕು ಅಂತ ತೋರಿಸಿ, ತಪ್ಪಾಯಿತು ಅನ್ನೋ ಗುರುತಿಗೆ ಎಗ್ಸಿಟ್ ಕೋಡ್ 2 ಕೊಟ್ಟು ನಿಂತುಬಿಡುತ್ತದೆ. ಮೈನಸ್ ಎಚ್ ಹೊಡೆದರೆ ಸಹಾಯದ ಪುಟವೂ ರೆಡಿ. ದೊಡ್ಡಪ್ಪನಿಗೋಸ್ಕರ ಅದರ ವಿವರಣೆಯನ್ನೆಲ್ಲ ಕನ್ನಡದಲ್ಲೇ ಬರೆದಿದ್ದೇನೆ.

ಒಂದು ಕಡೆ ಮಾತ್ರ ಹುಷಾರು. ಮಳೆ ಬಂತಾ ಇಲ್ವಾ ಅನ್ನೋದಕ್ಕೆ ಟೈಪ್ ಬೂಲ್, ಅಂದರೆ ಟ್ರೂ (ಹೌದು) ಇಲ್ಲವೇ ಫಾಲ್ಸ್ (ಇಲ್ಲ) ಅನ್ನೋ ಟೈಪ್ ಹಾಕಬೇಡಿ. ಫಾಲ್ಸ್ ಅಂತ ಕೊಟ್ಟರೂ ಟ್ರೂ ಆಗುತ್ತದೆ, ಯಾಕಂದರೆ ಖಾಲಿ ಅಲ್ಲದ ಸ್ಟ್ರಿಂಗ್ ಎಲ್ಲವೂ ಟ್ರೂ. ಅಲ್ಲಿಗೆ ಸ್ಟೋರ್ ಟ್ರೂ ಅನ್ನೋ ಆಕ್ಷನ್ ಹಾಕಿ. ಆಪ್ಷನ್ ಬರೆದರೆ ಹೌದು, ಬಿಟ್ಟರೆ ಇಲ್ಲ.

ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು. ಪೈಥಾನ್ 3ರ ಫ್ಲೋಟ್‌ಗೆ ಕನ್ನಡ ಅಂಕಿಯೂ ಅರ್ಥವಾಗುತ್ತದೆ. ೧೨೪.೮೦ ಅಂತ ಕೊಡುತ್ತಿದ್ದೇನೆ, ನೋಡಿ... 124.8 ಬಂತು. ದೊಡ್ಡಪ್ಪ ಡೈರಿಯಲ್ಲಿ ಬರೆಯೋದು ಕನ್ನಡ ಅಂಕಿಯಲ್ಲೇ. ಇನ್ನು ಅವರೇ ಟೈಪ್ ಮಾಡಲಿ ಬಿಡಿ.