ದೋಶೋಮಾಚಿ: ಒಸಾಕಾದ ಔಷಧ ಪೇಟೆ

ಕೇಳುಗರಿಗೆಲ್ಲ ನಮಸ್ಕಾರ.

ಜಪಾನಿನ ಒಸಾಕಾ ಮೊದಲಿನಿಂದಲೂ ವ್ಯಾಪಾರಿಗಳ ಊರು. ಅಲ್ಲಿನ ಸೆನ್‌ಬಾ ಅನ್ನುವ ಹಳೆಯ ಪೇಟೆಯಲ್ಲಿ ದೋಶೋಮಾಚಿ ಅಂತ ಒಂದು ಬೀದಿ ಇದೆ. ಇಲ್ಲಿ ಹೆಸರುವಾಸಿಯಾದದ್ದು ಔಷಧದ ವ್ಯಾಪಾರ.

ಬಟ್ಟೆಯನ್ನು ಮುಟ್ಟಿ ನೋಡಬಹುದು, ಅಕ್ಕಿಯನ್ನು ಬಾಯಿಗೆ ಹಾಕಿ ನೋಡಬಹುದು. ಒಣಗಿದ ಬೇರು ಅಸಲಿಯೋ ನಕಲಿಯೋ, ಕೊಳ್ಳುವವನಿಗೆ ಹೇಗೆ ಗೊತ್ತಾಗಬೇಕು? ಈ ಬೀದಿಯ ಜನ ಬದುಕಿದ್ದು ಅದನ್ನು ಗುರುತಿಸುವ ಕಣ್ಣಿನಿಂದ. ಚೀನೀ ಮತ್ತು ಡಚ್ ಹಡಗುಗಳಲ್ಲಿ ನಾಗಸಾಕಿಗೆ ಬಂದ ಅತಿಮಧುರ, ದಾಲ್ಚಿನ್ನಿಯಂಥ ಸರಕು ಇಲ್ಲಿಗೆ ಬರುತ್ತಿತ್ತು. ಪರೀಕ್ಷೆ ಮಾಡಿ, ತೂಗಿ, ಬೆಲೆ ಕಟ್ಟಿ ದೇಶಕ್ಕೆಲ್ಲ ಕಳಿಸುತ್ತಿದ್ದರು. 1722ರಲ್ಲಿ, ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿಯ, ಅಂದರೆ ಶೋಗನ್‌ನ, ಸರ್ಕಾರ ಇಲ್ಲಿನ 124 ವ್ಯಾಪಾರಿಗಳ ಸಂಘಕ್ಕೆ ಮಾನ್ಯತೆ ಕೊಟ್ಟಿತು. ಸರಕಿನ ಗುಣ ಕಾಯುವವರೂ ಅವರೇ, ಬೇರೆಯವರನ್ನು ಹೊರಗಿಡುವವರೂ ಅವರೇ. ಸುಮ್ನೆ ಸೇವೆ ಅಂತ ಯಾರೂ ಮಾಡಲಿಲ್ಲ, ಅಲ್ವಾ?

1780ರಲ್ಲಿ ಇವರು ಸುಕುನಾಹಿಕೋನಾ ಅನ್ನುವ ಜಪಾನೀ ದೇವರನ್ನು ತಂದು, ಚೀನಾದ ಔಷಧ ದೇವರಾದ ಶೆನ್‌ನಾಂಗ್ ಜೊತೆ ಪೂಜಿಸತೊಡಗಿದರು. ಅಂಗಡಿಯಲ್ಲಿ ಎರಡೂ ದೇಶದ ಮಾಲು ಇದ್ದ ಮೇಲೆ ದೇವರೂ ಇಬ್ಬರಿರಲಿ ಅಂದುಕೊಂಡರೇನೋ!

1822ರಲ್ಲಿ ಕಾಲರಾ ಬಂತು. ವ್ಯಾಪಾರಿಗಳು ಹುಲಿಯ ತಲೆಬುರುಡೆಯ ಪುಡಿ ಸೇರಿಸಿ ಗುಳಿಗೆ ಕಟ್ಟಿದರು. ದೇವರ ಮುಂದಿಟ್ಟು, ಕಾಗದದ ಪುಟ್ಟ ಹುಲಿಬೊಂಬೆಯ ಜೊತೆ ಜನರಿಗೆ ಹಂಚಿದರು. ಆ ಗುಳಿಗೆಯಿಂದ ಕಾಲರಾ ವಾಸಿಯಾಗಿದ್ದೀತು ಅಂತ ನನಗೇನೂ ಅನಿಸುವುದಿಲ್ಲ. ರೋಗಾಣುವಿನ ವಿಷಯ ಆಗ ಯಾರಿಗೂ ಗೊತ್ತಿರಲಿಲ್ಲ. ಆದರೆ ಊರೇ ಹೆದರಿ ಕೂತಾಗ ಔಷಧದವರು ಕೈಕಟ್ಟಿ ಕೂರಲಿಲ್ಲ ಅನ್ನುವುದು ಜನರಿಗೆ ನೆನಪುಳಿಯಿತು. ಗುಳಿಗೆ ಹೋಯಿತು, ಹುಲಿ ಉಳಿಯಿತು.

ಮುಂದೆ ಪಾಶ್ಚಾತ್ಯ ಔಷಧಗಳು ಬಂದವು. 1914ರಲ್ಲಿ ಮಹಾಯುದ್ಧ ಶುರುವಾಗಿ ಜರ್ಮನಿಯ ಮಾಲು ನಿಂತಿತು, ಬೆಲೆ ಗಗನಕ್ಕೇರಿತು. ತರಿಸಿ ಮಾರುತ್ತಿದ್ದವರು ತಾವೇ ತಯಾರಿಸಲು ಹೊರಟರು. 1781ರಲ್ಲಿ ಇಲ್ಲಿ ಚಿಕ್ಕ ಅಂಗಡಿಯಾಗಿ ಶುರುವಾದ ತಕೆದಾ ಔಷಧ ಕಂಪನಿ, 2019ರಲ್ಲಿ ಐರ್ಲೆಂಡಿನಲ್ಲಿ ಕೇಂದ್ರವಿದ್ದ ಶೈರ್ ಔಷಧ ಕಂಪನಿಯನ್ನೇ ಕೊಂಡುಕೊಂಡಿತು. ತಕೆದಾದ ಆಡಳಿತ ಈಗ ಟೋಕಿಯೋದಿಂದ ನಡೆಯುತ್ತದೆ. ಆದರೂ ದಾಖಲೆಯಲ್ಲಿರುವ ಒಸಾಕಾದ ವಿಳಾಸ ದೋಶೋಮಾಚಿಯೇ.

ಪ್ರತಿ ವರ್ಷ ನವೆಂಬರ್ 22, 23ರಂದು ಅಲ್ಲಿ ಜಾತ್ರೆ. ಹಸಿರು ಬಿದಿರಿನ ಟೊಂಗೆಗೆ ಕಟ್ಟಿದ ಹುಲಿಯನ್ನು ಕೊಂಡು ಜನ ಮನೆಗೆ ಒಯ್ಯುತ್ತಾರೆ. ಆ ಸಮಯಕ್ಕೆ ಒಸಾಕಾದಲ್ಲಿದ್ದರೆ ಹೋಗಿ ಬನ್ನಿ. ಕಿತಾಹಮಾ ಮೆಟ್ರೋ ಸ್ಟೇಷನ್ನಿನಿಂದ ನಡೆದೇ ಹೋಗಬಹುದು.

ನಮಸ್ಕಾರ.