ತಪ್ಪು ಎಲ್ಲಿ ಉಳಿಯುತ್ತದೆ? ಮನೆಯಲ್ಲಿ ವಿಮಾನ ಕಟ್ಟುವವರ ಹತ್ಯಾರುಗಳು

ಮಾನ್ಯರೇ, ಸ್ನೇಹಿತರೇ,

ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಕೊನೆಯ ಬಸ್ಸಿನ ಚಿಂತೆ ಇರುತ್ತದೆ ಎಂಬುದು ನನಗೆ ಗೊತ್ತು. ಆದ್ದರಿಂದ ಪೀಠಿಕೆ ಇಲ್ಲದೆ ಶುರು ಮಾಡುತ್ತೇನೆ.

ಕಳೆದ ತಿಂಗಳು ಐಟಿಐ ಮುಗಿಸಿದ ಇಬ್ಬರು ಹುಡುಗರು ನಮ್ಮ ಮನೆಗೆ ಬಂದರು. 2023ರಲ್ಲಿ ಶಿವಮೊಗ್ಗದ ಹತ್ತಿರ ಸೋಗಾನೆಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆಯ ಮಕ್ಕಳು ತಲೆಯೆತ್ತಿ ಆಕಾಶ ನೋಡುವುದು ಹೆಚ್ಚಾಗಿದೆ. ಇವರಿಬ್ಬರೂ ಅಂಥವರೇ. ನಮ್ಮ ಹಳೆಯ ದನದ ಕೊಟ್ಟಿಗೆಯಲ್ಲಿ ನಾನು ಎರಡು ಆಸನದ ಅಲ್ಯೂಮಿನಿಯಂ ವಿಮಾನ ಕಟ್ಟುತ್ತಿರುವುದು ಅವರ ಕಿವಿಗೆ ಬಿದ್ದಿತ್ತು. ಬಾಲದ ಭಾಗ ಮುಗಿದಿದೆ, ಒಂದು ರೆಕ್ಕೆ ಅರ್ಧಕ್ಕೆ ಬಂದಿದೆ. ಹುಡುಗರು ಅದನ್ನೆಲ್ಲ ಮುಟ್ಟಿ ನೋಡಿ, ಆಮೇಲೆ ಜೇಬಿನಿಂದ ಒಂದು ಪಟ್ಟಿ ತೆಗೆದರು. ವಿಮಾನ ಕಟ್ಟುವವರಿಗೆಂದೇ ಅಮೆರಿಕದ ಅಂಗಡಿಯೊಂದು ಮಾರುವ ಹತ್ಯಾರುಗಳ ಪೂರ್ತಿ ಸೆಟ್ಟು ಅದು. ಸಾಗಣೆ, ಸುಂಕ ಎಲ್ಲ ಸೇರಿಸಿ ಲೆಕ್ಕ ಕೂಡಿದ್ದರು. ಆ ಮೊತ್ತಕ್ಕೆ ಓಡುವ ಸ್ಥಿತಿಯಲ್ಲಿರುವ ಹಳೆಯ ಜೀಪೊಂದು ಬರುತ್ತಿತ್ತು. "ಸರ್, ಇಷ್ಟು ದುಡ್ಡಿಲ್ಲದವರು ವಿಮಾನ ಕಟ್ಟಲೇಬಾರದೇ?" ಎಂದು ಒಬ್ಬ ಕೇಳಿದ. ಆ ಪ್ರಶ್ನೆ ಕೇಳಿದ್ದರಿಂದಲೇ ನಾನು ಈ ಉಪನ್ಯಾಸಕ್ಕೆ ಒಪ್ಪಿಕೊಂಡೆ.

ಕಟ್ಟಬಹುದು. ಆದರೆ ಪಟ್ಟಿಯ ಪ್ರತಿಯೊಂದು ಹತ್ಯಾರಿಗೂ ಒಂದು ಪ್ರಶ್ನೆ ಹಾಕಬೇಕು. ಈ ಹತ್ಯಾರು ಕೆಟ್ಟದಾಗಿದ್ದರೆ ಅದರ ತಪ್ಪು ಎಲ್ಲಿ ಉಳಿಯುತ್ತದೆ? ನನ್ನ ಕೈಯಲ್ಲಿಯೋ, ವಿಮಾನದಲ್ಲಿಯೋ? ಕೈಯಲ್ಲಿ ಉಳಿಯುವುದೆಂದರೆ ಬೊಬ್ಬೆ, ಬೆನ್ನುನೋವು, ಒಂದು ಗಂಟೆಯ ಕೆಲಸಕ್ಕೆ ಮೂರು ಗಂಟೆ. ಅದನ್ನು ಸಹಿಸಬಹುದು. ಅಡಿಕೆ ಕೊಯ್ಲಿನಲ್ಲಿ ನಾವು ಸಹಿಸದ ಬೆನ್ನುನೋವೇ? ವಿಮಾನದಲ್ಲಿ ಉಳಿಯುವ ತಪ್ಪು ಹಾಗಲ್ಲ. ಅದು ನಮ್ಮ ಜೊತೆಯಲ್ಲೇ ಮೇಲೇರುತ್ತದೆ.

ಕೆಲಸದ ಮೇಜನ್ನು ತೆಗೆದುಕೊಳ್ಳಿ. ನನ್ನದು ಹಳೆಯ ಅಟ್ಟದ ಹಲಗೆ, ಮೇಲೊಂದು ದಪ್ಪ ಪ್ಲೈವುಡ್. ಅದು ಕಪ್ಪಗಿದ್ದರೇನು, ಗೀರು ಬಿದ್ದಿದ್ದರೇನು, ಸಮತಟ್ಟಾಗಿದ್ದರೆ ಸಾಕು. ವೈಸ್, ಸುತ್ತಿಗೆ, ಸಿ-ಕ್ಲ್ಯಾಂಪ್ ಎಲ್ಲವನ್ನೂ ಶಿವಮೊಗ್ಗದ ಗುಜರಿಯಲ್ಲೇ ಆರಿಸಿದ್ದೇನೆ. ಹಿಡಿದುಕೊಳ್ಳುವ, ಹೊಡೆಯುವ, ಎತ್ತುವ ಹತ್ಯಾರುಗಳಿಗೆ ಗುಜರಿಯೇ ಸರಿ. ಅರ ಮಾತ್ರ ಗುಜರಿಯದು ಬೇಡ. ಕಬ್ಬಿಣ ಉಜ್ಜಿದ ಅರದ ಹಲ್ಲಿನಲ್ಲಿ ಕಬ್ಬಿಣದ ಪುಡಿ ಕುಳಿತಿರುತ್ತದೆ. ಅದೇ ಅರವನ್ನು ಅಲ್ಯೂಮಿನಿಯಂಗೆ ಹಾಕಿದರೆ ಪುಡಿ ಅದರೊಳಗೆ ಹೂತುಕೊಳ್ಳುತ್ತದೆ, ನಮ್ಮ ಮಳೆಗಾಲದ ತೇವಕ್ಕೆ ಅಲ್ಲಿಂದಲೇ ತಿನ್ನಲು ತೊಡಗುತ್ತದೆ. ಎರಡು ಹೊಸ ಅರ ಕೊಂಡು, ಹಿಡಿಗೆ ಬಣ್ಣ ಬಳಿದು, ಕಬ್ಬಿಣದ ಹತ್ತಿರವೂ ಸುಳಿಯದಂತೆ ಇಡಿ. ಗೆರೆ ಎಳೆಯುವುದಕ್ಕೂ ಉಕ್ಕಿನ ಮೊನೆ ಬೇಡ, ಸೀಸದ ಕಡ್ಡಿಯೂ ಬೇಡ. ಉಕ್ಕಿನ ಗೀರಿನಿಂದ ಬಿರುಕು ಹುಟ್ಟುತ್ತದೆ, ಸೀಸದ ಕಡ್ಡಿಯ ಗ್ರಾಫೈಟ್ ಲೋಹವನ್ನು ತಿನ್ನುತ್ತದೆ. ಶಾಲೆಯ ಮಕ್ಕಳ ಸಣ್ಣ ಮೊನೆಯ ಮಾರ್ಕರ್ ಪೆನ್ನು ಸಾಕು. ಇಲ್ಲಿ ಅಗ್ಗದ್ದೇ ಒಳ್ಳೆಯದು!

ಈಗ ಡ್ರಿಲ್ಲಿಗೆ ಬರೋಣ. ವಿಮಾನವೆಂದರೆ ಸಾವಿರಾರು ತೂತುಗಳು. ನಾನು ಮೊದಲು ಕೊಂಡದ್ದು ತೀರಾ ಅಗ್ಗದ ಡ್ರಿಲ್. ತಿರುಗಿಸಿದರೆ ಬಿಟ್ಟಿನ ತುದಿ ಅಲ್ಲಾಡುವುದು ಕಣ್ಣಿಗೇ ಕಾಣುತ್ತಿತ್ತು. ತುದಿ ಅಲ್ಲಾಡಿದರೆ ತೂತು ದೊಡ್ಡದಾಗುತ್ತದೆ, ತಗಡುಗಳನ್ನು ಬಡಿದು ಜೋಡಿಸುವ ಲೋಹದ ಮೊಳೆ, ಅಂದರೆ ರಿವೆಟ್, ಅದನ್ನು ತುಂಬುವುದಿಲ್ಲ. ಇಂಚಿನ ಎಂಟನೇ ಒಂದು ಭಾಗದ ರಿವೆಟ್‌ಗೆ ತೂತಿನ ಮಧ್ಯದಿಂದ ಅಂಚಿಗೆ ಅದರ ವ್ಯಾಸದ ಎರಡರಷ್ಟು, ಅಂದರೆ 6.4 ಮಿ.ಮೀ. ಇರಬೇಕು. ತೂತು ಕೆಟ್ಟಿತೆಂದು ಮುಂದಿನ ಅಳತೆಯ ರಿವೆಟ್ ಹಾಕಹೋದರೆ ಸುಮಾರು 8 ಮಿ.ಮೀ. ಬೇಕು. ಅಷ್ಟು ಜಾಗ ಅಲ್ಲಿ ಇಲ್ಲದಿದ್ದರೆ ಇಡೀ ಬಿಡಿಭಾಗವನ್ನೇ ಗುಜರಿಗೆ ಹಾಕಬೇಕು. ಡ್ರಿಲ್ಲಿನಲ್ಲಿ ಉಳಿಸಿದ ಹಣ ಒಂದು ಮಧ್ಯಾಹ್ನದಲ್ಲಿ ಹೋಯಿತು. ಆದ್ದರಿಂದ ಅಂಗಡಿಯಲ್ಲೇ ನೆಟ್ಟಗಿನ ಹೊಸ ಬಿಟ್ ಹಾಕಿಸಿ, ನಿಧಾನಕ್ಕೆ ತಿರುಗಿಸಿ, ತುದಿಯನ್ನು ನೋಡಿ. ಅಂಗಡಿಯವರು ಬೇಸರಿಸಿಕೊಂಡರೆ ಬೇಸರಿಸಿಕೊಳ್ಳಲಿ. ಬಿಟ್ಟುಗಳ ವಿಷಯದಲ್ಲಿ ಇನ್ನೊಂದು ಮಾತು. ನಕ್ಷೆಯಲ್ಲಿ ಬಿಟ್ಟಿನ ಅಳತೆಗೆ 40, 30 ಎಂಬ ಅಮೆರಿಕದ ಸಂಖ್ಯೆಗಳಿರುತ್ತವೆ. ನಮ್ಮ ಅಂಗಡಿಗಳ 2.5 ಮಿ.ಮೀ. ಬಿಟ್ 40ಕ್ಕೆ ತೀರಾ ಹತ್ತಿರ. 30 ಎಂದರೆ 3.26 ಮಿ.ಮೀ.; ನಮ್ಮ 3.2 ಬಿಗಿ, 3.3 ಸಡಿಲ. ಅದನ್ನು ಮಾತ್ರ ಸಂಖ್ಯೆ ನೋಡಿಯೇ ಡಜನ್‌ಗಟ್ಟಲೆ ತರಿಸಿ.

ಈಗ ಆ ಬೋಲ್ಟಿನ ಕಥೆ. ಮುಂದಿನ ಸಾಲಿನಲ್ಲಿ ಇಬ್ಬರು ನಗುತ್ತಿದ್ದಾರೆ, ಅವರು ಇದನ್ನು ಮೊದಲೇ ಕೇಳಿದ್ದಾರೆ. ಇನ್ನೊಮ್ಮೆ ಕೇಳಿ, ತೊಂದರೆಯಿಲ್ಲ.

ಬಾಲದ ಒಂದು ಬ್ರಾಕೆಟ್‌ಗೆ ಎಂಟು ಬೋಲ್ಟು, ಎಲ್ಲವೂ ಎಎನ್3 ಎಂಬ ಅಳತೆಯ ವಿಮಾನದ ಬೋಲ್ಟು. ದಪ್ಪ ಐದು ಮಿಲಿಮೀಟರಿಗೂ ಕಡಿಮೆ. ಏಳನ್ನು ಮಾಮೂಲಿ ಸ್ಪ್ಯಾನರ್‌ನಲ್ಲಿ ಕೈಯಂದಾಜಿಗೆ ಬಿಗಿದಿದ್ದೆ. ಎಂಟನೆಯದಕ್ಕೆ, ಕ್ರಮಬದ್ಧವಾಗಿಯೇ ಮಾಡೋಣವೆಂದು, ಟ್ರ್ಯಾಕ್ಟರ್ ಗ್ಯಾರೇಜಿನಿಂದ ಟಾರ್ಕ್ ರೆಂಚ್ ತಂದೆ. ತಿರುಚುಬಲ ನಾವಿಟ್ಟ ಗುರುತು ಮುಟ್ಟಿದಾಗ ಕ್ಲಿಕ್ ಎನ್ನುವ ಸ್ಪ್ಯಾನರ್ ಅದು. ಅದರ ಅಳತೆ 20ರಿಂದ 110 ನ್ಯೂಟನ್ ಮೀಟರ್. ಅತಿ ಕೆಳಗಿನ ಗುರುತಿಗೆ ಇಟ್ಟು, "ಕ್ಲಿಕ್" ಎನ್ನಲಿ ಎಂದು ಕಾಯುತ್ತ ತಿರುಗಿಸಿದೆ. ಕ್ಲಿಕ್ ಬರಲಿಲ್ಲ. ಬೋಲ್ಟು ಒಂದು ಕ್ಷಣ ಬೆಣ್ಣೆಯ ಹಾಗೆ ಮೆತ್ತಗಾಯಿತು, ಆಮೇಲೆ ಪಟ್ಟನೆ ಮುರಿಯಿತು. ಎಎನ್3 ಬೋಲ್ಟಿನ ನಟ್ಟಿಗೆ ಬೇಕಾದದ್ದು 20ರಿಂದ 25 ಇಂಚು-ಪೌಂಡ್, ನಮ್ಮ ಲೆಕ್ಕದಲ್ಲಿ 2.3ರಿಂದ 2.8 ನ್ಯೂಟನ್ ಮೀಟರ್. ನಾನು ಹಿಡಿದಿದ್ದ ರೆಂಚ್ ಅದರ ಎಂಟು ಪಟ್ಟಿನಿಂದ ಲೆಕ್ಕ ಶುರು ಮಾಡುತ್ತದೆ. ಅದು ಚಕ್ರದ ನಟ್ಟಿನ ರೆಂಚ್.

ಮುರಿದ ಬೋಲ್ಟಿಗಾಗಿ ನಾನು ಹೆದರಲಿಲ್ಲ. ಅದು ಮುರಿದು ತನ್ನ ತಪ್ಪನ್ನು ತೋರಿಸಿತು. ಉಳಿದ ಏಳು? ಟ್ರ್ಯಾಕ್ಟರ್ ನಟ್ಟು ಬಿಗಿದು ಪಳಗಿದ ನನ್ನ ಕೈ ಅವುಗಳನ್ನು ಎಷ್ಟು ಹಿಗ್ಗಿಸಿದೆ? ನೋಡಿದರೆ ತಿಳಿಯುವುದಿಲ್ಲ. ಆ ರಾತ್ರಿ ಏಳನ್ನೂ ಬಿಚ್ಚಿ ತೆಗೆದೆ. ಅವು ಈಗಲೂ ನನ್ನಲ್ಲಿ ಒಂದು ಡಬ್ಬಿಯಲ್ಲಿವೆ, ವಿಮಾನದಲ್ಲಿ ಇಲ್ಲ.

ಮರುದಿನ ನನ್ನ ಸೋದರಮಾವ ಬಂದರು. ಅಡಿಕೆ ವ್ಯಾಪಾರದಲ್ಲಿ ನಲವತ್ತು ವರ್ಷ ತಕ್ಕಡಿ ಹಿಡಿದವರು. "ಸಣ್ಣ ಅಳತೆಯ ರೆಂಚ್ ಒಂದು ತರಿಸುತ್ತೇನೆ ಮಾವ, ಆದರೆ ಅಗ್ಗದ್ದು ಸರಿಯಾಗಿ ತೋರಿಸುತ್ತದೆಯೇ ಎಂಬುದೇ ಅನುಮಾನ" ಎಂದೆ. ಮಾವ, "ತಕ್ಕಡಿಯ ಮೇಲೆ ಅನುಮಾನ ಬಂದರೆ ನಾವು ಹೊಸ ತಕ್ಕಡಿ ತರುವುದಿಲ್ಲ ಮಾರಾಯ, ಮುದ್ರೆ ಹಾಕಿದ ಬಟ್ಟು ಇಟ್ಟು ನೋಡುತ್ತೇವೆ" ಎಂದರು. ನನಗೆ ಮೈ ಜುಮ್ಮೆಂದಿತು. ಒಂದು ಕಿಲೋ ತೂಕದ ಬಟ್ಟನ್ನು 25 ಸೆಂ.ಮೀ. ದೂರದಲ್ಲಿ ನೇತುಹಾಕಿದರೆ ಆಗುವ ತಿರುಚುಬಲ 2.45 ನ್ಯೂಟನ್ ಮೀಟರ್. ನಮಗೆ ಬೇಕಾದ ಎರಡು ಗಡಿಗಳ ನಡುವೆ ಸರಿಯಾಗಿ ಬಂದು ಕೂರುತ್ತದೆ! ರೆಂಚ್ ಬಂದ ದಿನ ಅದರ ಚೌಕ ತುದಿಯನ್ನು ವೈಸಿನಲ್ಲಿ ಕಚ್ಚಿಸಿ, ಹಿಡಿಯನ್ನು ಅಡ್ಡಕ್ಕೆ ನಿಲ್ಲಿಸಿದೆವು. ಹಿಡಿಯ ನಡುವಿಗೆ ಅಳೆದರೆ 25 ಸೆಂ.ಮೀ. ಬಂದದ್ದು ನಮ್ಮ ಅದೃಷ್ಟ. ಮಾವ ಬಟ್ಟನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟರು. ಗುರುತನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ, ಎಲ್ಲಿಯವರೆಗೆ ಕ್ಲಿಕ್ ಆಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಬರೆದುಕೊಂಡೆವು. ರೆಂಚ್‌ನ ಸ್ವಂತ ಭಾರವೂ ಕೆಳಕ್ಕೆ ಎಳೆಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಲು ಮರೆಯಬೇಡಿ. ತಾನಾಗಿ ಸಡಿಲವಾಗದ ಲಾಕ್‌ನಟ್ ಆದರೆ, ಅದು ಸುಮ್ಮನೆ ತಿರುಗಲು ಬೇಕಾಗುವ ಬಲವನ್ನು ಮೊದಲು ನೋಡಿಕೊಂಡು, ಬಿಗಿಯುವ ಅಳತೆಗೆ ಸೇರಿಸಬೇಕು. ಅಗ್ಗದ ರೆಂಚ್ ಸ್ವಲ್ಪ ಹೆಚ್ಚು ತೋರಿಸುತ್ತಿತ್ತು. ಎಷ್ಟು ಹೆಚ್ಚು ಎಂಬುದು ಗೊತ್ತಾದ ಮೇಲೆ ಅದು ಒಳ್ಳೆಯ ರೆಂಚ್ ಆಯಿತು. ವರ್ಷಕ್ಕೆರಡು ಬಾರಿ ಹೀಗೆ ಪರೀಕ್ಷಿಸಿ ಪುಸ್ತಕದಲ್ಲಿ ದಿನಾಂಕ ಹಾಕುತ್ತೇನೆ.

ಇದು ಬಡವರ ಉಪಾಯ ಎಂದು ಯಾರೂ ಸಣ್ಣಗೆ ಮಾಡಬೇಡಿ. ರೈಟ್ ಸಹೋದರರು 1901ರಲ್ಲಿ ಡೇಟನ್‌ನ ಸೈಕಲ್ ಅಂಗಡಿಯಲ್ಲಿ ಗಾಳಿಸುರಂಗ ಕಟ್ಟಿ ರೆಕ್ಕೆಯ ಆಕಾರಗಳನ್ನು ಪರೀಕ್ಷಿಸಿದರಲ್ಲ, ಆ ಸುರಂಗದೊಳಗಿನ ತಕ್ಕಡಿಯನ್ನು ಯಾವುದರಿಂದ ಮಾಡಿದ್ದರು? ಹಳೆಯ ಹ್ಯಾಕ್ಸಾ ಬ್ಲೇಡು ಮತ್ತು ಸೈಕಲ್ಲಿನ ಸ್ಪೋಕ್ ತಂತಿಯಿಂದ. ಅವರ ಮೆಕ್ಯಾನಿಕ್ ಚಾರ್ಲಿ ಟೇಲರ್ 12 ಅಶ್ವಶಕ್ತಿಯ ಎಂಜಿನ್ನನ್ನು ಒಂದು ಲೇತ್, ಒಂದು ಡ್ರಿಲ್ ಪ್ರೆಸ್, ಕೈಹತ್ಯಾರುಗಳಿಂದ ಸುಮಾರು ಆರು ವಾರಗಳಲ್ಲಿ ಮಾಡಿದರು. ಅವರ ಅಂಗಡಿಯಲ್ಲಿ ಹತ್ಯಾರು ಕಡಿಮೆ ಇತ್ತು, ಅಳತೆ ಸಡಿಲವಾಗಿರಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಟಿಪ್ಪಣಿಯಲ್ಲಿ ಇನ್ನೂ ಎರಡು ಪುಟ ಇದೆ, ಬೇಗ ಹೇಳುತ್ತೇನೆ.

ಕ್ಲೆಕೊ. ತಗಡುಗಳನ್ನು ತಾತ್ಕಾಲಿಕವಾಗಿ ಜೋಡಿಸಿ ಹಿಡಿಯುವ ಸ್ಪ್ರಿಂಗ್ ಪಿನ್ನು. ನೂರಾರು ಬೇಕು, ಆದರೆ ಒಮ್ಮೆಗೇ ಕೊಳ್ಳಬೇಡಿ. ವಿಮಾನ ಮುಗಿಸಿದವರಿಂದ ಹಳೆಯವು ಸಿಗುತ್ತವೆ. ಕಡಿಮೆ ಬಿದ್ದರೆ ಸಣ್ಣ ಸ್ಕ್ರೂ, ನಟ್ಟು ಹಾಕಿ. ನಿಧಾನವಾಗುತ್ತದೆ, ಅಷ್ಟೇ. ತಪ್ಪು ಎಲ್ಲಿ ಉಳಿಯಿತು? ಗಡಿಯಾರದಲ್ಲಿ.

ರಿವೆಟ್ ಬಡಿಯುವಾಗ ಹಿಂದಿನಿಂದ ಒತ್ತಿ ಹಿಡಿಯುವ ಉಕ್ಕಿನ ತುಂಡನ್ನು ಕೊಳ್ಳಲೇಬೇಡಿ. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದ ಹಿರಿಯರು ಇಲ್ಲಿದ್ದೀರಿ, ಒಂದು ಕಿಲೋ ತೂಕದ ಒಳ್ಳೆಯ ಉಕ್ಕು ಎಲ್ಲಿ ಸಿಗುತ್ತದೆಂದು ಈ ಮಕ್ಕಳಿಗೆ ನೀವೇ ಹೇಳಬಲ್ಲಿರಿ. ಮುಖವನ್ನು ಎಮರಿ ಪೇಪರಿನಿಂದ ಕನ್ನಡಿಯಂತೆ ಉಜ್ಜಿ. ಬಡಿದ ತಲೆಯ ಅಗಲ ರಿವೆಟ್ ವ್ಯಾಸದ ಒಂದೂವರೆ ಪಟ್ಟು, ಎತ್ತರ ಅರ್ಧದಷ್ಟು ಇರಬೇಕು. ಇಂಚಿನ ಎಂಟನೇ ಒಂದು ಭಾಗದ ರಿವೆಟ್‌ಗೆ ತಗಡಿನ ಚೂರಿನಲ್ಲಿ 4.8 ಮಿ.ಮೀ. ತೂತು ಕೊರೆದುಕೊಂಡರೆ ಅದೇ ನಿಮ್ಮ ಮಾಪಕ.

ರೆಕ್ಕೆ ಮಟ್ಟ ಮಾಡಲು ಗಾರೆಯವರ ಲೆವೆಲ್ ಪೈಪು, ತೂಕದ ಗುಂಡು. ನಾಲ್ಕು ಮೀಟರ್ ಉದ್ದಕ್ಕೆ ಅಗ್ಗದ ರಸಮಟ್ಟಕ್ಕಿಂತ ನೀರನ್ನು ನಾನು ನಂಬುತ್ತೇನೆ. ಪೈಪಿನೊಳಗೆ ಗಾಳಿಗುಳ್ಳೆ ಇರಬಾರದು.

ಕಂಪ್ರೆಸರ್ ಹಳೆಯದಾದರೂ ಆಗುತ್ತದೆ, ಟ್ಯಾಂಕ್ ಒಳಗೆ ತುಕ್ಕು ಹಿಡಿದದ್ದು ಮಾತ್ರ ಬೇಡ, ಅದು ಪ್ರಾಣಕ್ಕೇ ಅಪಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿದಿನ ಅದರ ನೀರು ಬಸಿಯಿರಿ. ಅಲ್ಯೂಮಿನಿಯಂ ಹಾಳೆಗಳ ನಡುವಿನ ಕಾಗದ ತೇವ ಹೀರುತ್ತದೆ, ಮಳೆಗಾಲಕ್ಕೆ ಮೊದಲೇ ತೆಗೆದುಬಿಡಿ. ಕಣ್ಣಿನ ಕನ್ನಡಕ, ಕಿವಿಯ ರಕ್ಷಣೆ ಹೊಸದೇ ಇರಲಿ.

ಕಾನೂನಿನ ಬಗ್ಗೆ ಒಂದೇ ಮಾತು. ಮುಂಬೈಯ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ವಿಮಾನ ಕಟ್ಟಿದವರು. ಅದಕ್ಕೆ ಹಾರಾಟದ ಅನುಮತಿ ಸಿಕ್ಕಿದ್ದು 2019ರಲ್ಲಿ, ಎಷ್ಟೋ ವರ್ಷಗಳ ಓಡಾಟದ ನಂತರ. ಆದ್ದರಿಂದ ಮೊದಲ ತೂತು ಕೊರೆಯುವ ಮುನ್ನವೇ ವಿಮಾನಯಾನದ ಸರ್ಕಾರಿ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಗೆ ಬರೆಯಿರಿ. ಪ್ರತಿ ಕೆಲಸದ ಫೋಟೊ, ದಿನಾಂಕ, ಬಳಸಿದ ಹತ್ಯಾರು ಬರೆದಿಡಿ. ನೋಟ್‌ಬುಕ್‌ಗಿಂತ ಕಡಿಮೆ ಬೆಲೆಯ ಹತ್ಯಾರು ಇಲ್ಲ.

ಮುರಿದ ಬೋಲ್ಟು, ಆ ರೆಂಚ್, ಉಕ್ಕಿನ ತುಂಡು, ತಗಡಿನ ಮಾಪಕ ಎಲ್ಲವನ್ನೂ ಈ ಮೇಜಿನ ಮೇಲೆ ಇಟ್ಟಿದ್ದೇನೆ. ಒಂದು ಕಿಲೋದ ಬಟ್ಟೂ ಇದೆ, ಆದರೆ ಅದನ್ನು ನಾಳೆ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಮಾವನಿಗೆ ಕೊಡಬೇಕು. ತೂಗಿ ನೋಡಬೇಕೆನ್ನುವ ಹುಡುಗರು, ಹುಡುಗಿಯರು ಈಗಲೇ ಮುಂದೆ ಬನ್ನಿ. ಬಸ್ಸು ಹಿಡಿಯಬೇಕಾದವರು ಮೊದಲು.