ಮಡ್‌ಗಾರ್ಡ್ ಹಾಕಿದರೆ ಮಾನ ಹೋಗುತ್ತಾ?

ನಮಸ್ಕಾರ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋಗುವವರು ಇದನ್ನು ನೋಡಿಯೇ ಇರುತ್ತೀರಿ. ಒಳಗೆ ಗಾಡಿಗಳು ಬರದ ದಿನ. ಹೈಕೋರ್ಟಿನ ಕೆಂಪು ಕಟ್ಟಡ ಹಿಂದೆ ಕಾಣುವ ಹಾಗೆ ಒಬ್ಬರು ಸೈಕಲ್ ನಿಲ್ಲಿಸುತ್ತಿರುತ್ತಾರೆ. ಬೆಲೆ ಎರಡು ಸ್ಕೂಟರಿನಷ್ಟು. ಆದರೆ ಸ್ಟ್ಯಾಂಡ್ ಇಲ್ಲ. ಮರದ ಕೆಳಗಿಂದ ಒಂದು ಒಣ ಕಡ್ಡಿ ಹುಡುಕಿ ತಂದು, ಪೆಡಲ್ ಕೆಳಗೆ ಊರಿ, ಉಸಿರು ಬಿಗಿಹಿಡಿದು ಹಿಂದೆ ಸರಿಯುತ್ತಾರೆ. ಕ್ಲಿಕ್. ಗಾಳಿ ಬೀಸಿದರೆ ಎರಡು ಸ್ಕೂಟರ್ ನೆಲಕ್ಕೆ.

ಆ ಫೋಟೋಗೂ ನಿಯಮಗಳಿವೆ. ಚೈನ್ ಇರುವ ಕಡೆಯೇ ಕ್ಯಾಮೆರಾಗೆ ಕಾಣಬೇಕು. ಪೆಡಲ್ ಹತ್ತಿರ ಇರುವ ಹಲ್ಲಿನ ಚಕ್ರಗಳಲ್ಲಿ ದೊಡ್ಡದರ ಮೇಲೆ ಚೈನ್ ಇರಬೇಕು. ಎರಡೂ ಟೈರಿನ ವಾಲ್ವ್ ಕೆಳಗೆ ಬಂದು ನಿಂತಿರಬೇಕು. ಮದುವೆ ಆಲ್ಬಮ್ಮಿಗೂ ಇಷ್ಟು ಕಟ್ಟುನಿಟ್ಟು ಇರಲಿಕ್ಕಿಲ್ಲ. ನಗುತ್ತಿದ್ದೇನೆ ಅಂದುಕೊಳ್ಳಬೇಡಿ, ಆ ಕಡ್ಡಿ ನಾನೂ ಹುಡುಕಿದ್ದೇನೆ.

ಸೈಕಲ್ ಚಂದ ಕಾಣಬೇಕು ಅನ್ನೋದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಅಲಾರಾಂ ಹೊಡೆದಾಗ ನಮ್ಮನ್ನು ಎಬ್ಬಿಸುವುದು ಎಷ್ಟೋ ಸಲ ಆ ಚಂದವೇ. ತಕರಾರು ಇರುವುದು ಸುಳ್ಳಿನ ಬಗ್ಗೆ. ಚಂದಕ್ಕೆ ಮಾಡಿದ್ದನ್ನು ಸ್ಪೀಡಿಗೆ ಮಾಡಿದ್ದು ಅಂತ ಹೇಳುತ್ತೇವಲ್ಲ, ಅದು.

ಮಡ್‌ಗಾರ್ಡನ್ನೇ ತಗೊಳ್ಳಿ. ಯಾಕಪ್ಪಾ ಹಾಕಿಲ್ಲ ಅಂದರೆ "ತೂಕ ಜಾಸ್ತಿ ಆಗುತ್ತೆ ಗುರು" ಅಂತ ಉತ್ತರ. ಸರಿ, ಲೆಕ್ಕ ಹಾಕೋಣ. ನಾನು, ಸೈಕಲ್ಲು, ನೀರು, ಶೂ ಎಲ್ಲ ಸೇರಿ ಸುಮಾರು 85 ಕೆ.ಜಿ. ಎರಡು ಮಡ್‌ಗಾರ್ಡ್ ಅರ್ಧ ಕೆ.ಜಿ. ಅಂತ ಇಟ್ಟುಕೊಳ್ಳಿ. ಕಡಿದಾದ ಏರಿನಲ್ಲಿ ತೂಕ ಎಷ್ಟು ಪರ್ಸೆಂಟ್ ಏರಿತೋ ಸಮಯವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ನಂದಿ ಬೆಟ್ಟ ಹತ್ತೋಕೆ ನನಗೆ 40 ನಿಮಿಷ ಬೇಕು. ಅದರ ಮೇಲೆ ಇನ್ನೊಂದು 14 ಸೆಕೆಂಡ್. ಅಷ್ಟೇ. ಹತ್ತಿದ ಮೇಲೆ ಬಜ್ಜಿಗೆ ಕಾಯುವುದೇ ಹತ್ತು ನಿಮಿಷ ಆಗುತ್ತದೆ.

ಇನ್ನು ಹ್ಯಾಂಡಲ್ ಇಳಿಸುವ ಕಥೆ. ಹ್ಯಾಂಡಲ್ ಕೆಳಗೆ ಬಳೆ ಥರದ ಸ್ಪೇಸರ್‌ಗಳಿರುತ್ತವೆ. ಅವನ್ನೆಲ್ಲ ತೆಗೆದು ಹ್ಯಾಂಡಲನ್ನು ಪೂರ್ತಿ ಕೆಳಗಿಳಿಸಿದರೆ ಸೈಕಲ್ ಚಿರತೆ ಹೊಂಚು ಹಾಕಿದ ಹಾಗೆ ಕಾಣುತ್ತದೆ. ನಿಜವಾಗಲೂ ಚಂದ. ನಾನೂ ಇಳಿಸಿದೆ. ಮೇಲೆ ಉಳಿದ ಪೈಪು ಅಸಹ್ಯವಾಗಿ ಕಾಣುತ್ತಿತ್ತು, ಅದನ್ನೂ ಕತ್ತರಿಸಿಬಿಟ್ಟೆ. "ಗಾಳಿ ಕಮ್ಮಿ ಹೊಡೆಯುತ್ತೆ" ಅಂತ ಎಲ್ಲರಿಗೂ ಹೇಳಿದೆ. ಹೆಬ್ಬಾಳ ದಾಟಿ ದೇವನಹಳ್ಳಿ ಸೇರೋ ಹೊತ್ತಿಗೆ ಕಿರುಬೆರಳು ಜೋಮು ಹಿಡಿದಿತ್ತು, ಕತ್ತು ಎತ್ತೋಕೆ ಆಗುತ್ತಿರಲಿಲ್ಲ. ಹಾಗಾಗಿ ಹ್ಯಾಂಡಲ್ ಮೇಲ್ಭಾಗ ಹಿಡಿದು, ಮೊಣಕೈ ನೆಟ್ಟಗೆ ಮಾಡಿ, ಎದೆ ಸೆಟೆಸಿಕೊಂಡು ತುಳಿದೆ. ಗಾಳಿಗೆ ಅಡ್ಡ ನಿಲ್ಲುವುದರಲ್ಲಿ ಸುಮಾರು ಮುಕ್ಕಾಲು ಪಾಲು ನಮ್ಮ ಮೈಯದೇ. ಅಂದರೆ ಮುಂಚೆಗಿಂತ ಜಾಸ್ತಿ ಗಾಳಿ ಹೊಡೆಸಿಕೊಂಡು ಹೋದೆ. ಕತ್ತರಿಸಿದ ಪೈಪು ಮತ್ತೆ ಬೆಳೆಯುತ್ತಾ? ಈಗ ಮೇಲಕ್ಕೆ ಬಾಗಿದ ಸ್ಟೆಮ್, ಅಂದರೆ ಆ ಪೈಪಿಗೂ ಹ್ಯಾಂಡಲ್ಲಿಗೂ ನಡುವಿನ ತುಂಡು, ಹಾಕಿಸಿದ್ದೇನೆ, ಒಂಟೆ ಕತ್ತಿನ ಥರ. ಗ್ರೂಪಿನವರು ನೋಡಿಯೂ ನೋಡದ ಹಾಗೆ ಇರುತ್ತಾರೆ.

ನನ್ನ ಕಣ್ಣು ತೆರೆಸಿದ್ದು ಮಾತ್ರ ಒಂದು ಮಳೆ. ಸೆಪ್ಟೆಂಬರ್ ತಿಂಗಳು. ನಂದಿಯಿಂದ ವಾಪಸ್ ಬರುವಾಗ ಒಂದು ಗಂಟೆ ಸುರಿಯಿತು. ದಾರಿಯಲ್ಲಿ ಒಂದು ಸಣ್ಣ ಹೋಟೆಲಿಗೆ ನುಗ್ಗಿದೆವು, ಆರು ಜನ. ಆರೂ ಜನರ ಬೆನ್ನ ಮೇಲೆ ಸೊಂಟದಿಂದ ಕತ್ತಿನವರೆಗೆ ಒಂದು ಕೆಂಪು ಕೆಸರಿನ ಪಟ್ಟೆ, ಅಳಿಲಿನ ಹಾಗೆ. ಕೂರೋಕೆ ಹೋದರೆ ಹೋಟೆಲಿನವರು ಓಡಿ ಬಂದು "ಒಂದ್ನಿಮಿಷ ಸರ್" ಅಂತ ಕುರ್ಚಿಗಳ ಮೇಲೆ ಹಳೆ ಪೇಪರ್ ಹಾಸಿದರು.

ಪಕ್ಕದ ಟೇಬಲ್ಲಿನಲ್ಲಿ ವಯಸ್ಸಾದ ಯಜಮಾನರೊಬ್ಬರು ಕಾಫಿ ಕುಡಿಯುತ್ತಿದ್ದರು. ಬಿಳಿ ಪಂಚೆ. ಹೊರಗೆ ಅವರ ಸೈಕಲ್, ಕರಿ ಬಣ್ಣದ ಹಳೇ ಕಾಲದ್ದು. ಕ್ಯಾರಿಯರ್ ಮೇಲೆ ಸೊಪ್ಪಿನ ಮೂಟೆ. ಅದೇ ರಸ್ತೆ, ಅದೇ ಮಳೆ. ಹೆಗಲ ಮೇಲಿನ ಟವಲ್ಲು ತೊಟ್ಟಿಕ್ಕುತ್ತಿತ್ತು. ಪಂಚೆಯೂ ನೆಂದಿತ್ತು, ಆದರೆ ಒಂದು ಚುಕ್ಕೆ ಕೆಸರಿಲ್ಲ. ನಾನು ಹೊರಗೆ ಹೋಗಿ ಅವರ ಸೈಕಲ್ ನೋಡಿದೆ. ತಗಡಿನ ಮಡ್‌ಗಾರ್ಡ್ ಚಕ್ರವನ್ನು ಅರ್ಧದಷ್ಟು ತಬ್ಬಿಕೊಂಡಿತ್ತು. ಚೈನ್ ಕಾಣಿಸದ ಹಾಗೆ ಪೂರ್ತಿ ಕವರ್. ಎರಡು ಕಾಲಿನ ಸ್ಟ್ಯಾಂಡು, ಮೂಟೆ ಸಮೇತ ನೆಟ್ಟಗೆ ನಿಂತಿತ್ತು.

ಅವರೂ ನಮ್ಮ ಸೈಕಲ್ ನೋಡಿ ಕೇಳಿದರು: "ಏನಪ್ಪಾ, ಮಡ್‌ಗಾರ್ಡ್ ಯಾರಾದ್ರೂ ಬಿಚ್ಕೊಂಡು ಹೋದ್ರಾ?"

"ಇಲ್ಲ ಯಜಮಾನ್ರೇ, ಇದು ಬರೋದೇ ಹಿಂಗೆ."

"ಎಷ್ಟು ಕೊಟ್ಟೆ?"

ಒಂದು ಸೊನ್ನೆ ಕಡಿಮೆ ಮಾಡಿ ಹೇಳಿದೆ. ಅದಕ್ಕೂ ಅವರ ಹುಬ್ಬು ಮೇಲೆ ಹೋಯಿತು.

ಆಮೇಲೆ ಯೋಚನೆ ಮಾಡಿದಾಗ ಒಂದು ವಿಷಯ ಹೊಳೆಯಿತು. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್ ನಮಗೆ ಕೆಟ್ಟದಾಗಿ ಕಾಣುವುದು ಅವುಗಳ ಆಕಾರದಿಂದಲ್ಲ. ಹಾಲಿನವರ, ಪೇಪರ್ ಹುಡುಗರ, ಸೊಪ್ಪಿನವರ ಸೈಕಲ್ಲಿನಲ್ಲಿ ಅವು ಇರುತ್ತವೆ. ಅವನ್ನು ಬಿಚ್ಚಿಟ್ಟರೆ ನೋಡಿದವರಿಗೆ ಗೊತ್ತಾಗುತ್ತದೆ: ಇವನು ಗತಿ ಇಲ್ಲದೆ ತುಳಿಯುತ್ತಿಲ್ಲ, ಶೋಕಿಗೆ ತುಳಿಯುತ್ತಿದ್ದಾನೆ ಅಂತ. ರೇಸಿನವರ ಸೈಕಲ್ಲಿಗೆ ಮಡ್‌ಗಾರ್ಡ್ ಇಲ್ಲದಿರೋದಕ್ಕೆ ಕಾರಣ ಇದೆ. ಅವರ ಹಿಂದೆ ಕಾರು ಬರುತ್ತದೆ, ಒಣ ಬಟ್ಟೆ ಇರುತ್ತದೆ. ನಮ್ಮ ಹಿಂದೆ ಬರುವುದು ನೀರಿನ ಟ್ಯಾಂಕರ್.

ನನ್ನ ಸೈಕಲ್ಲಿನಲ್ಲಿ ಪುಣ್ಯಕ್ಕೆ ಮಡ್‌ಗಾರ್ಡ್ ಕಟ್ಟೋಕೆ ತೂತುಗಳಿದ್ದವು. ಎಷ್ಟೋ ರೇಸ್ ಸೈಕಲ್ಲಿನಲ್ಲಿ ಅದೂ ಇರುವುದಿಲ್ಲ. ಹಾಕಿಸಿದೆ, ಜೊತೆಗೊಂದು ಕ್ಯಾರಿಯರ್. ಆ ವಾರವೇ ಸ್ನೇಹಿತನ ಅಪಾರ್ಟ್‌ಮೆಂಟಿಗೆ ಹೋದೆ. ಗೇಟಿನಲ್ಲಿ ಸೆಕ್ಯೂರಿಟಿಯವರು ಕೈ ಅಡ್ಡ ಹಿಡಿದರು. "ಡೆಲಿವರಿನಾ? ಹಿಂದಿನ ಗೇಟಿಂದ ಹೋಗಿ." ಅದೇ ಸೈಕಲ್, ಅದೇ ನಾನು. ಹೋದ ತಿಂಗಳು ಅದೇ ಗೇಟಿನಲ್ಲಿ ಸಲ್ಯೂಟ್ ಹೊಡೆದಿದ್ದರು. ಮಡ್‌ಗಾರ್ಡ್ ಹಾಕಿದರೆ ಮಾನ ಹೋಗುತ್ತಾ ಅಂತ ಕೇಳಿದರೆ, ಸ್ವಲ್ಪ ಹೋಗುತ್ತದೆ ಅಂತಲೇ ಹೇಳಬೇಕು. ಹಿಂದಿನ ಗೇಟಿನಲ್ಲಿ ಪ್ರತಿದಿನ ಹೋಗುವವರ ಬಗ್ಗೆ ಅವತ್ತಿನವರೆಗೆ ನಾನು ಯೋಚಿಸಿಯೇ ಇರಲಿಲ್ಲ ಅನ್ನೋದು ಬೇರೆ ಮಾತು.

ಕಣ್ಣಿಗೆ ಚಂದ ಅನ್ನೋದು ಬದಲಾಗುತ್ತಲೂ ಇರುತ್ತದೆ. 1989ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ನೆನಪಿದೆಯಾ? ಕೊನೇ ದಿನ ಗ್ರೆಗ್ ಲೆಮಾಂಡ್ 50 ಸೆಕೆಂಡ್ ಹಿಂದಿದ್ದರು. ಮೈ ಬಗ್ಗಿಸಿ ಗಾಳಿ ತಪ್ಪಿಸಿಕೊಳ್ಳೋಕೆ, ಹ್ಯಾಂಡಲ್ಲಿನಿಂದ ಮುಂದಕ್ಕೆ ಚಾಚಿದ, ನೋಡೋಕೆ ವಿಚಿತ್ರವಾದ ಬಾರ್ ಹಾಕಿಕೊಂಡು ಬಂದರು. ಮುಂದಿದ್ದ ಲಾರೆಂಟ್ ಫಿನ್ಯೋನ್ ಹೆಲ್ಮೆಟ್ ಇಲ್ಲದೆ, ಜುಟ್ಟು ಹಾರಿಸಿಕೊಂಡು ತುಳಿದರು. ಲೆಮಾಂಡ್ ಒಟ್ಟು 8 ಸೆಕೆಂಡಿನಲ್ಲಿ ಗೆದ್ದರು. ಆಮೇಲೆ ಅಂಥ ಬಾರ್ ಎಲ್ಲರ ಕಣ್ಣಿಗೂ ಚಂದ ಕಾಣೋಕೆ ಶುರುವಾಯಿತು.

ಟೈರಿನ ಕಥೆಯೂ ಹಾಗೇ. ಮುಂಚೆ 23 ಎಂ.ಎಂ. ಅಗಲದ ಟೈರು, ಕಲ್ಲಿನ ಹಾಗೆ ಗಾಳಿ ತುಂಬಿಸಿ ಓಡಿಸಬೇಕಿತ್ತು. 28 ಹಾಕಿದರೆ ಎಮ್ಮೆ ಅನ್ನುತ್ತಿದ್ದೆವು. ಈಗ ರೇಸಿನವರೇ 28, 30 ಹಾಕುತ್ತಾರೆ. ಗಟ್ಟಿ ಟೈರು ಒರಟು ರಸ್ತೆಯಲ್ಲಿ ಪುಟಿಯುತ್ತದೆ. ತುಳಿದ ಶಕ್ತಿ ಮುಂದೆ ಹೋಗುವ ಬದಲು ನಮ್ಮನ್ನು ಎತ್ತಿ ಹಾಕೋಕೆ ಖರ್ಚಾಗುತ್ತದೆ. ನಮ್ಮ ಹಂಪುಗಳ ಮೇಲೆ ಓಡಾಡುವವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೇಬಲ್ಲುಗಳನ್ನೆಲ್ಲ ಹ್ಯಾಂಡಲ್ ಒಳಗೆ, ಫ್ರೇಮ್ ಒಳಗೆ ಅಡಗಿಸುವ ಫ್ಯಾಷನ್ ಬಗ್ಗೆ ಒಂದೇ ಮಾತು. ಮಳೆಗಾಲ ಮುಗಿದ ಮೇಲೆ ಹ್ಯಾಂಡಲ್ ತಿರುಗಿಸುವ ಹೆಡ್‌ಸೆಟ್ ಬೇರಿಂಗ್ ತುಕ್ಕು ಹಿಡಿದರೆ ಮೆಕ್ಯಾನಿಕ್ ಹತ್ತಿರ ಹೋಗಿ ನೋಡಿ. ಬ್ರೇಕಿನ ಆಯಿಲ್ ಪೈಪ್ ಅದರೊಳಗಿಂದಲೇ ಹೋಗುವುದರಿಂದ ಅದನ್ನೂ ಬಿಚ್ಚಬೇಕಾಗುತ್ತದೆ. "ಎರಡು ದಿನ ಬಿಟ್ಟೋಗಿ ಸರ್" ಅನ್ನುವಾಗ ಅವರ ಮುಖ ನೋಡಿ.

ಹಾಗಂತ ಚಂದಕ್ಕೆ ಮಾಡಿದ್ದೆಲ್ಲ ದಂಡ ಅಂತಲೂ ಅಲ್ಲ. ಟೈರಿನ ಮೇಲಿನ ಹೆಸರು ವಾಲ್ವ್ ಪಕ್ಕಕ್ಕೇ ಬರಬೇಕು ಅಂತ ಶೋಕಿವಾಲರು ಹಟ ಹಿಡಿಯುತ್ತಾರೆ. ಸುಮ್ನೆ ಹುಚ್ಚು ಅಂದುಕೊಂಡಿದ್ದೆ. ಒಮ್ಮೆ ಬಳ್ಳಾರಿ ರಸ್ತೆಯ ಅಂಚಿನಲ್ಲಿ ಪಂಚರ್ ಆಯಿತು. ಟ್ಯೂಬಿಗೆ ಗಾಳಿ ಹೊಡೆದು ಕಿವಿ ಹತ್ತಿರ ಹಿಡಿದರೆ ವಾಲ್ವಿನಿಂದ ಒಂದು ಗೇಣು ದೂರದಲ್ಲಿ ಸುಯ್ ಅನ್ನುತ್ತಿತ್ತು. ಟೈರಿನ ಮೇಲೆ ಹೆಸರಿನಿಂದ ಎರಡೂ ಕಡೆ ಒಂದೊಂದು ಗೇಣು ಅಳೆದು ಉಗುರಿನಲ್ಲಿ ಸವರಿದೆ. ಸಿಕ್ಕಿತು. ಲಾರಿ ಟೈರಿನಿಂದ ಬಿದ್ದ ತಂತಿ, ರೆಪ್ಪೆಗೂದಲಿನಷ್ಟು. ಹೆಸರು ಎಲ್ಲೋ ಇದ್ದಿದ್ದರೆ ಇಡೀ ಟೈರು ತಡವುತ್ತಾ ಕೂರಬೇಕಿತ್ತು.

ನಮ್ಮ ಕಡೆ ಆಯುಧಪೂಜೆಗೆ ಸೈಕಲ್ ಚಕ್ರದ ನಡುವಿನ ಗುಂಬಕ್ಕೆ, ಅಂದರೆ ಹಬ್‌ಗೆ, ಬಣ್ಣದ ಕುಚ್ಚಿನ ಬಳೆ ಹಾಕುತ್ತಿದ್ದರಲ್ಲ? ಚಕ್ರ ತಿರುಗಿದಾಗ ಅದೂ ಉಜ್ಜಿಕೊಂಡು ತಿರುಗಿ ಹಬ್ ಫಳಫಳ ಅನ್ನುತ್ತಿತ್ತು. ಮೊನ್ನೆ ಒಂದು ಹಳೇ ಸೈಕಲ್ ಅಂಗಡಿಯಲ್ಲಿ ಸಿಕ್ಕಿತು, ಅರಿಶಿನ ಕುಂಕುಮದ ಬಣ್ಣದ್ದು. ತಂದು ನನ್ನ ಕಾರ್ಬನ್ ಸೈಕಲ್ಲಿಗೆ ಹಾಕಿದೆ. ಹಬ್ ದಪ್ಪ, ಬಳೆ ಸಾಲಲಿಲ್ಲ. ದಾರ ಸೇರಿಸಿ ಕಟ್ಟಿದ್ದೇನೆ. ಹಬ್ ಕಪ್ಪು ಬಣ್ಣದ್ದು, ಎಷ್ಟು ಉಜ್ಜಿದರೂ ಹೊಳೆಯಲ್ಲ. ಗ್ರೂಪಿನಲ್ಲಿ ಒಬ್ಬ ಕೇಳಿದ, "ಮಗಾ, ಇದರಿಂದ ಏನು ಉಪಯೋಗ?"

"ಏನೂ ಇಲ್ಲ, ಚಂದಕ್ಕೆ" ಅಂದೆ.